ಮಸಾಲೆ ಡಬ್ಬಿಯ ಭಾನುವಾರ

ನಮ್ಮೂರಿನ ಪುರಸಭೆಯಲ್ಲಿ ನಾಲ್ಕನೇ ಕಿಟಕಿಯ ಹಿಂದೆ ಕೂತು ಇಪ್ಪತ್ತಾರು ವರ್ಷ ಜನರ ಬಾಯಿ ಮೂಸಿದವನು ನಾನು. ನಗಬೇಡಿ. ಸರ್ಕಾರಿ ನೌಕರಿ, ಪಿಂಚಣಿ ಇದೆ. ನೇಮಕಾತಿ ಪತ್ರದಲ್ಲಿ ಉಪಾಹಾರ ಪರಿಶೀಲನಾ ಗುಮಾಸ್ತ ಎಂದಿತ್ತು. ಊರಿನವರು ಬಾಯಿ ಗುಮಾಸ್ತ ಎಂದರು, ಅದೇ ಉಳಿಯಿತು. ಸೈಟು ಮಾರುವವರು, ಮದುವೆ ನೋಂದಾಯಿಸುವವರು, ದೂರು ಕೊಡುವವರು, ಕೊಟ್ಟ ದೂರನ್ನು ಹಿಂದಕ್ಕೆ ತೆಗೆದುಕೊಳ್ಳುವವರು, ಎಲ್ಲರೂ ಮೊದಲು ನನ್ನ ಕಿಟಕಿಗೆ ಬಂದು ಸರಳಿನ ನಡುವೆ ಮೂತಿ ತೂರಿಸಿ "ಹಾ" ಎನ್ನಬೇಕು. ನಾನು ಮೂಸಿ, ಆ ಬೆಳಿಗ್ಗೆ ಅವರು ತಿಂದ ಡಬ್ಬಿಯ ಹೆಸರನ್ನು ಅರ್ಜಿಯ ಏಳನೇ ಕಾಲಮ್ಮಿನಲ್ಲಿ ಬರೆದು ಮೊಹರು ಒತ್ತಬೇಕು. ಅವರ ಮಾತಿಗೆ ಎಷ್ಟು ಕಿಮ್ಮತ್ತು ಕೊಡಬೇಕು ಎಂಬುದನ್ನು ಐದನೇ ಕಿಟಕಿಯವರು ಆ ಕಾಲಮ್ಮು ನೋಡಿ ತೀರ್ಮಾನಿಸುತ್ತಿದ್ದರು.

ನಮ್ಮಲ್ಲಿ ಬೆಳಗಿನ ತಿಂಡಿ ಎಂದರೆ ಬೆಳ್ಳಿಬಟ್ಟಲು ಫ್ಲೇಕ್ಸ್. ಡಬ್ಬಿಯಿಂದ ಬಟ್ಟಲಿಗೆ ಸುರಿದು, ಹಾಲು ಹಾಕಿ, ಮೆತ್ತಗಾಗುವ ಮೊದಲು ತಿನ್ನಬೇಕು. ಒಟ್ಟು ಹತ್ತೊಂಬತ್ತು ಬಗೆ. ಜೇನು ತಿಂದವರ ಬಾಯಲ್ಲಿ ಸಂಜೆ ಆರರವರೆಗೆ ಒಳ್ಳೆಯ ಮಾತೇ. ಮಸಾಲೆ ತಿಂದವರು ಗೋಡೆಯ ಜೊತೆಗೂ ಜಗಳಕ್ಕೆ ನಿಲ್ಲುತ್ತಾರೆ. ದ್ರಾಕ್ಷಿ ತಿಂದರೆ ಹಳೆಯದೆಲ್ಲ ನೆನಪಾಗಿ ಅಳು ಬರುತ್ತದೆ, ಹಾಗಾಗಿ ತಿಥಿಮನೆಗಳಲ್ಲಿ ಅದೇ. ಶುಂಠಿ ತಿಂದು ಸಂತೆಗೆ ಹೋದರೆ ಚೌಕಾಸಿಯಲ್ಲಿ ಸೋಲಿಲ್ಲ. ಆದರೆ ಸೊಪ್ಪಿನವಳೂ ಶುಂಠಿಯನ್ನೇ ತಿಂದು ಬಂದಿದ್ದರೆ ಒಂದು ಕಟ್ಟು ಮೆಂತ್ಯೆಸೊಪ್ಪು ಸಂಜೆಯಾದರೂ ಕೈ ಬದಲಾಯಿಸುವುದಿಲ್ಲ. ಚಾಕೊಲೇಟ್ ಮಾಡಿದ್ದು ಮಕ್ಕಳಿಗೆ, ಖರ್ಚಾಗುವುದು ನಿವೃತ್ತರ ಬೀದಿಯಲ್ಲಿ. ಮಾಜಿ ಹೆಡ್‌ಮಾಸ್ತರರು ಗೋಲಿಯಾಟದಲ್ಲಿ ಸೋತು ನೆಲಕ್ಕೆ ಕಾಲು ಬಡಿದು ಅತ್ತದ್ದನ್ನು ಈ ಕಣ್ಣಲ್ಲೇ ಕಂಡಿದ್ದೇನೆ. ಬಾದಾಮಿ ತಿಂದವರಿಗೆ ತಮಗಿಂತ ದೊಡ್ಡವರಿಲ್ಲ ಅನ್ನಿಸುತ್ತದೆ. ಪುರಸಭೆ ಸದಸ್ಯರಿಗೆ ಅದರ ಅಗತ್ಯವೇ ಇಲ್ಲ, ಆದರೂ ಎರಡು ಬಟ್ಟಲು ತಿಂದು ಬರುತ್ತಾರೆ. ಇನ್ನು ಸಾದಾ. ಅದನ್ನು ತಿಂದವರ ಬಾಯಲ್ಲಿ ಸುಳ್ಳು ಹೊರಡುವುದಿಲ್ಲ. ಅಂಗಡಿಗಳಲ್ಲಿ ಸಾದಾ ಡಬ್ಬಿಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳಿರುತ್ತದೆ. ಒಂದು ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರು ಹೆಂಡತಿ ಅವಸರದಲ್ಲಿ ಬಡಿಸಿದ್ದನ್ನು ತಿಂದು ವೇದಿಕೆ ಹತ್ತಿದರು. ಅದು ಸಾದಾ ಆಗಿತ್ತು. ಭಾಷಣ ಬಹಳ ಚೆನ್ನಾಗಿತ್ತು, ಠೇವಣಿ ಹೋಯಿತು.

ನಮ್ಮಂಥ ನೌಕರರಿಗೆ ಮಾತ್ರ ಆಯ್ಕೆಯಿಲ್ಲ. ಆಫೀಸಿನ ದಿನಗಳಲ್ಲಿ ಗೋಧಿ ತೌಡಿನದೇ ತಿನ್ನಬೇಕೆಂದು ಆದೇಶ. ತೌಡು ತಿಂದವನಿಗೆ ಮುಲಾಜಿಲ್ಲ, ನಗುವಿಲ್ಲ, ಮುದುಕಿ ಬಿಸಿಲಲ್ಲಿ ನಿಂತಿದ್ದರೂ ಊಟದ ಹೊತ್ತಿಗೆ ಸರಿಯಾಗಿ ಕಿಟಕಿ ಮುಚ್ಚುವ ಧೈರ್ಯ ಬರುತ್ತದೆ. ಹೊಟ್ಟೆಯೂ ಸಾಫಾಗುತ್ತದೆ ಎನ್ನುವುದು ಆದೇಶದಲ್ಲಿಲ್ಲದ ಸೌಲಭ್ಯ. ತೌಡು ಮನುಷ್ಯನನ್ನು ಬಿಗಿ ಮಾಡುತ್ತದೆ ಅಷ್ಟೇ, ನಿಜ ಹೇಳಿಸುವುದಿಲ್ಲ. ಅದಕ್ಕೆ ಸಾದಾ ಬೇಕು, ಮತ್ತು ಸರ್ಕಾರ ಅಷ್ಟು ದಡ್ಡ ಅಲ್ಲ.

ಸಂಜೆ ಆರಕ್ಕೆ ಪುರಸಭೆಯ ಸೈರನ್ ಕೂಗಿದಾಗ ತಿಂದದ್ದರ ಅಮಲು ಇಳಿಯುತ್ತದೆ. ಆಗ ಬೀದಿಯಲ್ಲಿ ನೋಡಬೇಕು. ಮನೆಮನೆಯಿಂದ ಜನ ನೀರಿನ ಲೋಟ ಹಿಡಿದು ಹೊರಡುತ್ತಾರೆ. ಹಗಲು ಯಾರಿಗೆ ಬೈದಿದ್ದರೋ ಅವರ ಬಾಗಿಲಿಗೆ ಹೋಗಿ ಲೋಟ ಕೊಟ್ಟು "ಡಬ್ಬಿಗೆ ಬಿಡು" ಎನ್ನುತ್ತಾರೆ. ಬೈಸಿಕೊಂಡವರು ನೀರು ಕುಡಿದು "ಬಿಟ್ಟೆ" ಎನ್ನಬೇಕು. ಅಲ್ಲಿಗೆ ಮುಗಿಯಿತು, ಮಾತಾಡಿದ್ದು ಡಬ್ಬಿ, ಮನುಷ್ಯನಲ್ಲ. ಒಳ್ಳೆಯ ಮಾತಿಗೂ ಅದೇ ನೀರು. ಜೇನು ತಿಂದು ಮಗಳನ್ನು ಕೊಡುತ್ತೇನೆ ಎಂದವರು, ಸಾಲ ಮನ್ನಾ ಮಾಡಿದೆ ಎಂದವರು ಆರೂ ಐದಕ್ಕೆಲ್ಲ ಲೋಟ ಹಿಡಿದು ಓಡಿ ಬರುತ್ತಿದ್ದರು.

ಡಬ್ಬಿ ತಿನ್ನದೆ ಹೊಸಿಲು ದಾಟುವುದು ಮಾತ್ರ ನಮ್ಮಲ್ಲಿ ಮರ್ಯಾದಸ್ಥರು ಮಾಡುವ ಕೆಲಸವಲ್ಲ. ಇಡ್ಲಿ, ಉಪ್ಪಿಟ್ಟು, ರೊಟ್ಟಿ ಏನಿದ್ದರೂ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಡಬ್ಬಿ ಮುಟ್ಟದವರನ್ನು ಬರಿಬಾಯಿ ಎನ್ನುತ್ತಾರೆ. ಬರಿಬಾಯಿಯ ಮಾತಿಗೆ ನೀರಿಲ್ಲ ಎಂಬ ಗಾದೆಯೇ ಇದೆ. ಅವರು ಹೇಳಿದ್ದನ್ನು ಬಿಡಲು ಡಬ್ಬಿಯೇ ಇಲ್ಲವಲ್ಲ, ಹಾಗಾಗಿ ಹೇಳಿದ್ದು ಹೇಳಿದ ಹಾಗೇ ಉಳಿದುಬಿಡುತ್ತದೆ. ಅಂಥವರ ಮನೆಗೆ ಸಂಜೆ ಯಾರೂ ಲೋಟ ತರುವುದಿಲ್ಲ, ಅವರ ಲೋಟವನ್ನು ಯಾರೂ ಮುಟ್ಟುವುದಿಲ್ಲ.

ಮನೆಯಲ್ಲಿ ನನ್ನ ಹೆಂಡತಿ ಅಂಬುಜಾಕ್ಷಿ. ಮದುವೆಯಾಗಿ ಇಪ್ಪತ್ತಮೂರು ವರ್ಷ. ನಡುಮನೆಯ ಕಿಟಕಿಯ ಪಕ್ಕದಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ನಾನು ತೌಡು ತಿಂದು ಆಫೀಸಿಗೆ ಹೊರಟ ಮೇಲೆ ಅವಳ ತಿಂಡಿ. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಅವಳ ಹಳದಿ ಬಣ್ಣದ ಜೇನಿನ ಡಬ್ಬಿ ಇರುತ್ತಿತ್ತು. ಒಬ್ಬರ ಡಬ್ಬಿಯನ್ನು ಇನ್ನೊಬ್ಬರು ತೆರೆಯುವ ಪದ್ಧತಿ ನಮ್ಮಲ್ಲಿಲ್ಲ, ನಾನೂ ತೆರೆದವನಲ್ಲ. ಮನೆಗೆ ಬಂದ ಮೇಲೆ ಯಾರ ಬಾಯನ್ನೂ ಮೂಸುವುದಿಲ್ಲ ಎಂಬುದು ನನ್ನ ವೃತ್ತಿಯ ಘನತೆ. ಅವಳ ಹತ್ತಿರ ಪುದೀನದ ವಾಸನೆ ಬರುತ್ತಿತ್ತು. ಹಲ್ಲುಪುಡಿ ಬದಲಾಯಿಸಿರಬೇಕು ಎಂದುಕೊಂಡಿದ್ದೆ.

ಆರು ದಿನ ತೌಡಿನಲ್ಲಿ ಬಿಗಿದುಕೊಂಡವನಿಗೆ ಏಳನೇ ದಿನವಾದರೂ ಬಿಡುಗಡೆ ಬೇಡವೇ. ಭಾನುವಾರ ನನ್ನದು ಮಸಾಲೆ. ನಮ್ಮ ಬೀದಿಯ ಗಂಡಸರೆಲ್ಲರದೂ ಮಸಾಲೆಯೇ. ತಿಂಗಳ ಕೊನೆಯ ಭಾನುವಾರ ಮನೆಮನೆಯಲ್ಲೂ ಡಬ್ಬಿಯ ತಳ ಬಡಿಯುವ ಸದ್ದು ಕೇಳುತ್ತಿತ್ತು. ತಿಂದ ಮೇಲೆ ನಾನು ಶುರು ಮಾಡುತ್ತಿದ್ದೆ. ಸಾರಿಗೆ ಉಪ್ಪಿಲ್ಲ, ಉಪ್ಪಿದ್ದರೆ ಹುಳಿಯಿಲ್ಲ, ಎರಡೂ ಇದ್ದರೆ ನಿನ್ನ ತವರಿನವರಿಗೆ ಮರ್ಯಾದೆಯಿಲ್ಲ. ಆರಕ್ಕೆ ಸೈರನ್ ಕೂಗಿದ ಕೂಡಲೇ ಲೋಟ ತುಂಬಿ ಕೊಡುತ್ತಿದ್ದೆ. ಅವಳು ಕುಡಿದು "ಬಿಟ್ಟೆ" ಎನ್ನುತ್ತಿದ್ದಳು. ಇಂಥ ಅನುಕೂಲ ಬೇರೆ ಊರಿನ ಗಂಡಂದಿರಿಗಿದೆಯೋ ಇಲ್ಲವೋ ನನಗೆ ತಿಳಿಯದು.

ಹನ್ನೊಂದು ವರ್ಷದ ಹಿಂದಿನ ಒಂದು ಭಾನುವಾರವನ್ನು ಇಲ್ಲಿ ಹೇಳಲೇಬೇಕು. ಅಂಬುಜಳ ತಾಯಿ ಕೊನೆಯ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದರು. ಆ ಮಹಾತಾಯಿ ಮಾತು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಉಸಿರು ತೆಗೆದುಕೊಳ್ಳುವಾಗಲೂ ಏನೋ ಒಂದು ಹೇಳುತ್ತಿದ್ದರು. ತಾಯಿ ಮಗಳು ಅಡುಗೆಮನೆಯಲ್ಲಿ ಕೂತು ನಗುತ್ತಿದ್ದರೆ ನಾನು ನಡುಮನೆಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದೆ. ಅವರು ತೀರಿಕೊಂಡರು, ಕರ್ಮಾಂತರ ಎಲ್ಲ ಮುಗಿಯಿತು, ನೆಂಟರು ಹೋದರು. ಮಾರನೆಯ ದಿನ ಭಾನುವಾರ. ಬೆಳಿಗ್ಗೆ ತಿಂಡಿ ಮುಗಿಸಿ ಬಟ್ಟಲು ಕೆಳಗಿಟ್ಟು, ಕಾಲು ಚಾಚಿ, "ಅಂತೂ ನಿಮ್ಮಮ್ಮನ ರೇಡಿಯೋ ಬಂದಾಯ್ತು, ಇನ್ನು ನೆಮ್ಮದಿಯಾಗಿ ನಿದ್ದೆ ಮಾಡಬಹುದು" ಎಂದೆ. ಆರು ಗಂಟೆಗೆ ನೀರು ಕೊಟ್ಟೆ. ಕುಡಿದಳು. "ಬಿಟ್ಟೆ" ಎಂದಳೋ ಇಲ್ಲವೋ ನಾನು ಗಮನಿಸಲಿಲ್ಲ.

ಈ ವರ್ಷ ಬೆಳ್ಳಿಬಟ್ಟಲು ನಮ್ಮೂರಿಗೆ ಬಂದು ಐವತ್ತು ವರ್ಷ ತುಂಬಿತು. ಅದರ ಸಡಗರಕ್ಕೆ ಪುರಸಭೆಯವರು ಮನೆಮನೆ ಗಣತಿ ಇಟ್ಟುಕೊಂಡರು. ಬೆಳಿಗ್ಗೆ ಹತ್ತರೊಳಗೆ ಪ್ರತಿ ಮನೆಗೂ ಹೋಗಿ, ಪ್ರತಿಯೊಬ್ಬರ ಬಾಯನ್ನೂ ಮೂಸಿ, ಹೆಸರು ಮತ್ತು ಡಬ್ಬಿ ಬರೆದು ತರಬೇಕು. ಪಟ್ಟಿಯನ್ನು ಇಪ್ಪತ್ತನೇ ತಾರೀಕು ಆಫೀಸಿನ ಮುಂದಿನ ಬೋರ್ಡಿಗೆ ಅಂಟಿಸಬೇಕು. ನಮ್ಮ ಮುಖ್ಯಾಧಿಕಾರಿ ವೀರಭದ್ರಯ್ಯನವರು ಬಾದಾಮಿ ತಿಂದು ಬಂದ ಒಂದು ಬೆಳಿಗ್ಗೆ, ಇದು ಚರಿತ್ರೆಯಲ್ಲೇ ಮೊದಲು ಎಂದು ಮೇಜು ಗುದ್ದಿ ನನಗೆ ಮೂರನೇ ವಾರ್ಡ್ ವಹಿಸಿದರು. ನಾನಿರುವುದೇ ಮೂರನೇ ವಾರ್ಡ್.

ಎಂಟು ದಿನ ಬೀದಿ ಸುತ್ತಿದೆ. ಕಿಟಕಿಯ ಹಿಂದೆ ಕೂತು ಮೂಸುವುದಕ್ಕೂ ಮನೆಯೊಳಗೆ ಹೋಗಿ ಮೂಸುವುದಕ್ಕೂ ಅಜಗಜಾಂತರ. ಪೂಜಾರಿಗಳು ಭಕ್ತಿ ಉಕ್ಕಿಸುವ ಏಲಕ್ಕಿ ಡಬ್ಬಿ ಎಂದು ಬರೆಸಲು ಬಾಯಿಗೆ ನಾಲ್ಕು ಏಲಕ್ಕಿ ಹಾಕಿಕೊಂಡು ನಿಂತಿದ್ದರು. ಒಳಗಿನದು ಶುಂಠಿ, ಪಕ್ಕಾ ಶುಂಠಿ. ಹೆಡ್‌ಮಾಸ್ತರರು ಹಾ ಎನ್ನುವ ಬದಲು ನಾಲಿಗೆ ತೋರಿಸಿ ಓಡಿಹೋದರು, ಮೂಸುವ ಅಗತ್ಯ ಬೀಳಲಿಲ್ಲ. ಒಂದು ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಜೇನು ತಿಂದು ಒಬ್ಬರಿಗೊಬ್ಬರು ಕಾಫಿ ಕೊಡುತ್ತ, ನೀವು ಮೊದಲು ಕುಡೀರಿ, ಇಲ್ಲ ನೀನು ಕುಡಿಯಮ್ಮ ಎನ್ನುತ್ತ, ನಾನು ಹೊರಡುವವರೆಗೂ ಇಬ್ಬರೂ ಕುಡಿದಿರಲಿಲ್ಲ. ಒಂಬತ್ತನೇ ದಿನ, ತಾರೀಕು ಎಂಟು, ನಮ್ಮ ಮನೆಯ ಸರದಿ ಬಂತು.

ನಿಯಮ ಎಂದರೆ ನಿಯಮ. ಬಾಗಿಲು ತಟ್ಟಿದೆ. ಅಂಬುಜ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದು ತೆರೆದಳು. ಹೆಸರು ಹೇಳಿ ಎಂದೆ. ಮರೆತುಹೋಯಿತೇ ಎಂದು ಕೇಳಿದಳು. ಬರೆದುಕೊಂಡೆ. ಹಾ ಅನ್ನು ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ, ಹತ್ತಿರ ಬಂದು, ನಿಧಾನವಾಗಿ "ಹಾ" ಎಂದಳು. ಜೇನಿನ ಸುಳಿವೇ ಇಲ್ಲ. ಹತ್ತೊಂಬತ್ತರಲ್ಲಿ ಯಾವುದೂ ಅಲ್ಲ. ಹೆಂಚಿನ ಮೇಲೆ ಬೆಂದ ರಾಗಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಪುದೀನ. ಇನ್ನೊಂದು ಸಲ ಅನ್ನಿಸಿದೆ. ಎರಡನೇ ಸಲ ಅವಳು ಜೋರಾಗಿಯೇ ಅಂದಳು.

"ಏನು ತಿಂದಿದ್ದೀಯ?"

"ರೊಟ್ಟಿ. ಪುದೀನ ಚಟ್ನಿ."

"ಇವತ್ತು ಯಾಕೆ ಹೀಗೆ?"

"ಇವತ್ತಲ್ಲ ರೀ. ಹನ್ನೊಂದು ವರ್ಷ ಆಯ್ತು."

ಅವಳು ಅಡುಗೆಮನೆಗೆ ಹೋಗಿ ಶೆಲ್ಫಿನಿಂದ ಹಳದಿ ಡಬ್ಬಿ ತಂದು ಮೇಜಿನ ಮೇಲೆ ಬೋರಲು ಹಾಕಿದಳು. ಬ್ಲೌಸಿನ ಹುಕ್ಕುಗಳು, ಗುಂಡಿಗಳು, ಎರಡು ಉಂಡೆ ಲೇಸು ಬಿದ್ದವು. ನಾನು ಒಂದು ಗುಂಡಿಯನ್ನು ಎತ್ತಿ ಮೂಸಿದೆ. ಯಾಕೆ ಮೂಸಿದೆನೋ, ಅಭ್ಯಾಸ.

ಅವಳು ಕೂಗಾಡಲಿಲ್ಲ. ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತು, ಬಟ್ಟೆಯ ಅಳತೆ ಹೇಳುವ ಧ್ವನಿಯಲ್ಲೇ ಹೇಳಿದಳು. "ಅಮ್ಮ ಹೋದ್ಮೇಲಿನ ಭಾನುವಾರ ನೀವೊಂದು ಮಾತಂದ್ರಿ. ಸಾಯಂಕಾಲ ನೀರು ಕೊಟ್ರಿ, ಕುಡಿದೆ. ನೀರು ಹೊಟ್ಟೆಗೆ ಹೋಯ್ತು, ಮಾತು ಕಿವೀಲೇ ಉಳೀತು. ಆಮೇಲೆ ಕೂತ್ಕೊಂಡು ಯೋಚ್ನೆ ಮಾಡ್ದೆ. ನಿಮ್ಮ ಕೆಟ್ಟ ಮಾತೆಲ್ಲ ಡಬ್ಬೀದು ಅಂದ್ರೆ, ನಾನು ನಿಮಗೆ ಆಡಿದ ಒಳ್ಳೇ ಮಾತೂ ಡಬ್ಬೀದೇ ಆಗುತ್ತಲ್ಲ. ಹಾಗಾಗೋದು ನಂಗೆ ಬೇಡ ಅನ್ನಿಸ್ತು. ಬೈದ್ರೂ ನಾನೇ ಬೈದಿರ್ಬೇಕು, ಒಳ್ಳೇದಂದ್ರೂ ನಾನೇ ಅಂದಿರ್ಬೇಕು ಅಂತ ಸೋಮವಾರದಿಂದ ಬಿಟ್ಬಿಟ್ಟೆ."

ಆಮೇಲೆ ಅವಳು ಕೇಳಿದಳು. "ಒಂದು ಹೇಳಿ. ಆ ಭಾನುವಾರ ನೀವೇನು ತಿಂದಿದ್ರಿ?"

"ಮಸಾಲೆ," ಎಂದೆ. "ಭಾನುವಾರ ಅಲ್ವಾ."

ಅವಳು ಗುಂಡಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದಳು. ಆಮೇಲೆ ಹೇಳಿದ್ದು ಇಷ್ಟು: ಪಟ್ಟಿ ಬೋರ್ಡಿಗೆ ಬರುವ ದಿನದ ತನಕ ಚೆನ್ನಾಗಿ ನೆನಪು ಮಾಡಿಕೊಳ್ಳಿ, ಆವತ್ತು ಮತ್ತೆ ಕೇಳುತ್ತೇನೆ, ಆಗಲೂ ಇದೇ ಉತ್ತರವಾದರೆ ಮೆಷಿನ್ನನ್ನು ಕುಮುದಳ ಮನೆಗೆ ಸಾಗಿಸುತ್ತೇನೆ, ನಾನೂ ಅಲ್ಲೇ ಇರುತ್ತೇನೆ. ಕುಮುದ ಅವಳ ತಂಗಿ; ಆರನೇ ವಾರ್ಡಿನಲ್ಲಿ ಹೂವಿನ ಅಂಗಡಿ, ಮೇಲೆ ಒಂದು ಖಾಲಿ ಕೋಣೆ. ಇದು ಜೇನು ಆಡಿದ ಮಾತಲ್ಲ, ಮಸಾಲೆ ಆಡಿದ ಮಾತೂ ಅಲ್ಲ. ಸಂಜೆ ಲೋಟ ಹಿಡಿದು ಹೋಗಿ ಬಿಡಿಸಿಕೊಳ್ಳುವಂತಿರಲಿಲ್ಲ. ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದೆ. "ಮೂಸಿದ್ದನ್ನ ಬರೀರಿ," ಎಂದು ಮೆಷಿನ್ ತುಳಿಯಲು ಶುರು ಮಾಡಿದಳು.

ಅಂದು ಇಡೀ ದಿನ ಫಾರಮ್ಮಿನಲ್ಲಿ ಅವಳ ಹೆಸರಿನ ಮುಂದಿನ ಜಾಗ ಖಾಲಿಯೇ ಇತ್ತು. ನಾನು ಹನ್ನೊಂದು ವರ್ಷವನ್ನು ತಿರುವಿ ಹಾಕುತ್ತಿದ್ದೆ. ಮೂಲವ್ಯಾಧಿಯ ಆಪರೇಷನ್ನಿಗೆ ನನ್ನನ್ನು ಬೋರಲು ಮಲಗಿಸಿ ತಳ್ಳಿಕೊಂಡು ಹೋಗುವಾಗ ಅವಳು ಕಿವಿಯ ಹತ್ತಿರ ಬಗ್ಗಿ, "ನೀವು ಹೋದ್ರೂ ನಾನು ಬದುಕ್ತೀನಿ. ಆದ್ರೆ ಚಟ್ನಿ ಅರೆಯೋ ಮನಸ್ಸು ಬರಲ್ಲ" ಎಂದಿದ್ದಳು. ಈ ಸಲದ ಜೇನಿನಲ್ಲಿ ಸಿಹಿ ಕಡಿಮೆ ಎಂದುಕೊಂಡು ಅರಿವಳಿಕೆಯ ಮತ್ತೇರಿ ಮಲಗಿದ್ದೆ. ಅದು ಅವಳದೇ ಮಾತು. ನಾನು ಹಾಡಿದರೆ ಹಾಲು ಒಡೆಯುತ್ತದೆ ಎಂದಿದ್ದೂ ಅವಳದೇ. ಜ್ವರ ಬಂದಾಗ ಹಣೆ ಮುಟ್ಟಿ, ಇಷ್ಟು ಕೆಟ್ಟ ಮನುಷ್ಯನ ಹಣೆ ಎಷ್ಟು ಚಿಕ್ಕದಾಗಿದೆ ನೋಡಿ ಎಂದು ನಕ್ಕಿದ್ದೂ ಅವಳದೇ. ಎಲ್ಲವನ್ನೂ ನಾನು ನೀರಿನಲ್ಲಿ ಬಿಟ್ಟುಬಿಟ್ಟಿದ್ದೆ. ತೌಡು ತಿಂದಿದ್ದರೂ ಕಣ್ಣಲ್ಲಿ ನೀರು ಬಂತು. ಹಾಗಾಗಬಾರದು, ಆದೇಶದಲ್ಲಿ ಅವಕಾಶವಿಲ್ಲ.

ಮರುದಿನ ಬೆಳಿಗ್ಗೆ ತೌಡಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ನನಗೂ ರೊಟ್ಟಿ ಕೊಡು ಎಂದೆ. ಅವಳು ಏನೂ ಕೇಳದೆ ಬಡಿಸಿದಳು. ಖಾರ ನೆತ್ತಿಗೇರಿತು. ಆಫೀಸಿಗೆ ಹೋಗಿ ಅವಳ ಹೆಸರಿನ ಮುಂದೆ ಬರಿಬಾಯಿ ಎಂದು ಬರೆದೆ, ನನ್ನ ಹೆಸರಿನ ಮುಂದೆಯೂ ಅದನ್ನೇ ಬರೆದು ಮೊಹರು ಒತ್ತಿದೆ. ಆ ದಿನ ಒಂದೂವರೆಗೆ, ಊಟದ ಹೊತ್ತಿನಲ್ಲಿ ಬಂದ ಮುದುಕಿಯೊಬ್ಬಳಿಗೆ ಕಿಟಕಿ ತೆರೆದು ಕೆಲಸ ಮಾಡಿಕೊಟ್ಟೆ. ಅವಳು ಹೆದರಿ ಅರ್ಜಿಯನ್ನು ಬಿಟ್ಟು ಓಡಿಹೋದಳು. ಸುದ್ದಿ ವೀರಭದ್ರಯ್ಯನವರಿಗೆ ಮುಟ್ಟಿತು. ಕರೆಸಿ, ಸ್ವತಃ ತಾವೇ ಹಾ ಅನ್ನಿಸಿ ಮೂಸಿ, ಮೂರು ಹೆಜ್ಜೆ ಹಿಂದಕ್ಕೆ ಹೋದರು. ಬೆಳ್ಳುಳ್ಳಿ ಸ್ವಲ್ಪ ಜಾಸ್ತಿಯಾಗಿತ್ತು. ಕೆಲಸದಿಂದ ತೆಗೆಯಲು ನಿಯಮವಿಲ್ಲವಾದ್ದರಿಂದ ನನ್ನನ್ನು ಜನನ ಮರಣ ವಿಭಾಗಕ್ಕೆ ಹಾಕಿದರು. ಹುಟ್ಟಿದವರಿಗೆ ಹಲ್ಲಿಲ್ಲ, ಸತ್ತವರು ಹಾ ಅನ್ನುವುದಿಲ್ಲ. ಬರಿಬಾಯಿಯವನನ್ನು ಇಡಲು ಅದಕ್ಕಿಂತ ಸುರಕ್ಷಿತ ಜಾಗ ಪುರಸಭೆಯಲ್ಲಿ ಇರಲಿಲ್ಲ.

ಇಷ್ಟು ಮಾಡಿದರೆ ಸಾಕಾಗಬಹುದು ಎಂದು ನಾನು ಆಸೆಪಟ್ಟಿದ್ದೆ. ಹನ್ನೊಂದು ದಿನ ಅವಳ ಎದುರಿಗೇ ಕೂತು ರೊಟ್ಟಿ ತಿಂದೆ. ಅವಳು ಸಾರು, ಪಲ್ಯ, ಕರೆಂಟು, ಬೀದಿನಾಯಿ ಎಲ್ಲದರ ಬಗ್ಗೆ ಮಾತಾಡುತ್ತಿದ್ದಳು. ಅದೊಂದನ್ನು ಮಾತ್ರ ಕೇಳಲಿಲ್ಲ. ನಾನೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಬಾಯಿ ತೆರೆಯುವುದು, ಒಂದು ತುಂಡು ರೊಟ್ಟಿ ಹಾಕಿಕೊಂಡು ಮುಚ್ಚುವುದು. ಬರಿಬಾಯಿಯ ಮಾತಿಗೆ ನೀರಿಲ್ಲ ಎಂಬ ಗಾದೆ ಇಷ್ಟು ಭಾರವಾದದ್ದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇಪ್ಪತ್ತನೇ ತಾರೀಕು ಪಟ್ಟಿ ಬೋರ್ಡಿಗೆ ಬಂತು. ಮೂರನೇ ವಾರ್ಡಿನಲ್ಲಿ ಬರಿಬಾಯಿ ಎರಡೇ, ಎರಡೂ ನಮ್ಮ ಮನೆಯದು. ಬೆಳಗ್ಗೆಲ್ಲ ಯಾರೂ ಇತ್ತ ಸುಳಿಯಲಿಲ್ಲ. ಅಂಬುಜ ಮೆಷಿನ್ನಿಗೆ ಹೊದಿಕೆ ಹಾಕಿ ಹಗ್ಗ ಕಟ್ಟಿದಳು. ಕುಮುದ ಸಂಜೆ ಆರಕ್ಕೆ ಟೆಂಪೋ ಕಳಿಸುತ್ತಾಳೆ ಎಂದು ಹೇಳಿ, ನನ್ನ ಮುಖ ನೋಡಿ, ಒಳಗೆ ಹೋದಳು. ನಾನು ರಜೆ ಹಾಕಿ ಜಗಲಿಯ ಮೇಲೆ ಕೂತಿದ್ದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಹೆಡ್‌ಮಾಸ್ತರರ ಹೆಂಡತಿ ಸುಲೋಚನಮ್ಮ ಅತ್ತಿತ್ತ ನೋಡುತ್ತ ಬಂದರು. ಕೈಯಲ್ಲಿ ನೇರಳೆ ಬಣ್ಣದ ಬಟ್ಟೆ. "ಅಂಬುಜಾ, ಇದು ನನಗೆ ಒಪ್ಪುತ್ತಾ? ನೀನು ಹೇಳಮ್ಮ, ನಿನ್ನ ಬಾಯಲ್ಲಿ ಕೇಳೋಣ ಅಂತ ಬಂದೆ," ಎಂದರು. ಅಂಬುಜ ಬಟ್ಟೆಯನ್ನು ಅವರ ಹೆಗಲ ಮೇಲೆ ಹಾಕಿ ನೋಡಿ, ಇದು ಒಪ್ಪುವುದಿಲ್ಲ, ನಿಮಗೆ ಹಸಿರು ಒಪ್ಪುತ್ತದೆ, ನಿಮ್ಮ ಕಣ್ಣು ಚೆನ್ನಾಗಿದೆ ಎಂದಳು. ಸುಲೋಚನಮ್ಮ ಅಲ್ಲೇ ಕುಸಿದು ಕೂತರು. ಬುದ್ಧಿ ಬಂದ ಮೇಲೆ ಅವರ ಕಣ್ಣನ್ನು ಹೊಗಳಿದವರೆಲ್ಲ ಸಂಜೆ ನೀರು ತಂದುಕೊಟ್ಟಿದ್ದರಂತೆ. ಆಮೇಲೆ ಒಬ್ಬೊಬ್ಬರೇ ಬಂದರು. ನನ್ನ ಹಾಡು ಹೇಗಿದೆ ಹೇಳಿ, ನನ್ನ ಮಗ ನಿಜವಾಗಿ ಜಾಣನೇ ಹೇಳಿ, ನಮ್ಮನೆಯ ಹುಳಿಯನ್ನು ಒಮ್ಮೆ ರುಚಿ ನೋಡಿ. ಕೆಲವರು ಅಳುತ್ತ ಹೋದರು, ಹೆಚ್ಚಿನವರು ನಗುತ್ತ ಹೋದರು. ಯಾರೂ ಲೋಟ ತಂದಿರಲಿಲ್ಲ. ಹಗ್ಗ ಕಟ್ಟಿದ ಮೆಷಿನ್ ಅವರೆಲ್ಲರ ನಡುವೆ ನಿಂತಿತ್ತು. ಊರಿಗೆಲ್ಲ ನಿಜ ಹಂಚುತ್ತಿದ್ದವಳ ಮನೆಯಲ್ಲಿ ನಾನು ಒಂದು ಸುಳ್ಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಿದ್ದೆ.

ಕೊನೆಯವರು ಹೋದಾಗ ಆರಕ್ಕೆ ಹತ್ತು ನಿಮಿಷ. ಅಂಬುಜ ಹೊರಗೆ ಬಂದು ಪುದೀನದ ಕುಂಡದ ಪಕ್ಕ ನಿಂತು ಬೀದಿಯ ತುದಿ ನೋಡಿದಳು. ಟೆಂಪೋ ಇನ್ನೂ ಬಂದಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ ಪ್ರಕಾರ ಕೇಳಿದಳು. "ಆವತ್ತು ಏನು ತಿಂದಿದ್ರಿ?"

"ಏನೂ ತಿಂದಿರಲಿಲ್ಲ," ಎಂದೆ.

ಒಮ್ಮೆ ಹೊರಟ ಮೇಲೆ ಉಳಿದದ್ದೂ ಬಂತು. ಆ ಭಾನುವಾರ ಮಸಾಲೆ ಡಬ್ಬಿ ಅಲ್ಲಾಡಿಸಿದರೆ ಸದ್ದೇ ಇರಲಿಲ್ಲ. ತಳ ಬಡಿದೆ, ಪುಡಿಯೂ ಉದುರಲಿಲ್ಲ. ಬೇರೆ ಡಬ್ಬಿ ತೆರೆಯಲು ಸೋಮಾರಿತನ. ಬಟ್ಟಲಿಗೆ ಬರೀ ಹಾಲು ಹಾಕಿಕೊಂಡು, ಚಮಚ ಆಡಿಸಿ ಕುಡಿದು, ಕಾಲು ಚಾಚಿ ಆ ಮಾತು ಹೇಳಿದ್ದೆ. ಹೇಗೂ ಭಾನುವಾರ, ಹೇಗೂ ಸಂಜೆ ನೀರಿದೆ.

"ಮಸಾಲೆ ಹೇಳಿದ್ದಲ್ಲ. ನಾನೇ ಹೇಳಿದ್ದು. ನಿನಗೆ ನೋಯಲಿ ಅಂತಲೇ ಹೇಳಿದ್ದು. ಅಷ್ಟು ದಿನ ನೀನು ಅಳ್ತಾ ಇದ್ದೆ, ಒಂದ್ಸಲಾನೂ ನನ್ನ ಕಡೆ ನೋಡ್ಲಿಲ್ಲ. ನಿಮ್ಮಮ್ಮ ಇದ್ದಾಗ್ಲೂ ನೀನು ಅವರ ಜೊತೆ ನಕ್ಕಷ್ಟು ನನ್ನ ಜೊತೆ ನಗ್ಲಿಲ್ಲ. ತಪ್ಪು ನಂದೇ ಅಂಬುಜಾ."

ಅವಳು ಜಗಲಿಯ ಮೇಲೆ, ನನ್ನಿಂದ ಒಂದು ಮಾರು ದೂರದಲ್ಲಿ ಕೂತಳು.

"ನಂಗೊತ್ತಿತ್ತು," ಎಂದಳು. "ಶನಿವಾರ ಬೆಳಿಗ್ಗೆ ಪದ್ಧತಿ ಮುರಿದು ನಿಮ್ಮ ಡಬ್ಬೀಲಿ ಉಳ್ದಿದ್ದ ಕೊನೇ ಹಿಡಿ ತಿಂದೋಳು ನಾನೇ. ಅಮ್ಮನ ಬಳೆ ವಿಷ್ಯಕ್ಕೆ ಅಣ್ಣನ ಜೊತೆ ಜಗಳ ಆಡೋದಿತ್ತು. ಭಾನುವಾರ ನೀವು ತಿಂತಾ ಇರೋದು ಅಡುಗೆಮನೆಗೆ ಕೇಳಿಸ್ತಿತ್ತು. ಬಟ್ಟಲಲ್ಲಿ ಗರಿಗರಿ ಸದ್ದೇ ಇಲ್ಲ, ಬರೀ ಚಮಚದ ಸದ್ದು. ಆಮೇಲೆ ನೀವು ಆ ಮಾತಂದ್ರಿ."

ಹನ್ನೊಂದು ವರ್ಷ. ಪ್ರತಿ ಭಾನುವಾರ ನಾನು ಬಟ್ಟಲು ಹಿಡಿದು ಕೂತಾಗ ಅವಳು ಒಳಗಿನಿಂದ ಆ ಸದ್ದಿಗೆ ಕಿವಿ ಕೊಟ್ಟಿರಬೇಕು. ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದೆ. ಕೇಳಿದ್ದರೆ ಲೋಟ ತರುತ್ತಿದ್ದಿರಿ ಎಂದಳು.

ಸೈರನ್ ಕೂಗಿತು. ಬೀದಿಯ ಬಾಗಿಲುಗಳು ತೆರೆದವು, ಜನ ಲೋಟ ಹಿಡಿದು ಎಂದಿನಂತೆ ಅತ್ತಿಂದಿತ್ತ ಹೊರಟರು. ಕುಮುದಳ ಟೆಂಪೋ ತಿರುವಿನಲ್ಲಿ ಕಾಣಿಸಿತು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಇಪ್ಪತ್ತಮೂರು ವರ್ಷದ ಅಭ್ಯಾಸ, ಕಾಲು ತಾನಾಗಿ ಒಳಗೆ ಹೋಯಿತು, ಕೈ ತಾನಾಗಿ ಲೋಟ ತುಂಬಿತು. ತಂದು ಅವಳ ಮುಂದೆ ಹಿಡಿದೆ. ಬಿಡು ಎನ್ನಲು ಬಾಯಿ ಬರಲಿಲ್ಲ, ಯಾವುದಕ್ಕೆ ಬಿಡು ಎನ್ನಲಿ.

ಅಂಬುಜ ಲೋಟ ತೆಗೆದುಕೊಂಡಳು. ಒಮ್ಮೆ ಅದರೊಳಗೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಇದನ್ನ ಬಿಡಲ್ಲ," ಎಂದಳು. "ಇಟ್ಕೋತೀನಿ. ಇಷ್ಟು ವರ್ಷದಲ್ಲಿ ನೀವು ನಂಗೆ ಆಡಿದ ಮೊದಲ್ನೇ ಮಾತಿದು."

ನೀರನ್ನು ಪುದೀನದ ಕುಂಡಕ್ಕೆ ಹಾಕಿದಳು. ಟೆಂಪೋದವನು ಬಂದು ಹಾರ್ನ್ ಹೊಡೆದು ಯಾವ ಸಾಮಾನು ಎಂದು ಕೇಳಿದ. ಅವಳು ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು, ಮೆಷಿನ್ನಿಗೆ ಕಟ್ಟಿದ ಹಗ್ಗ ಬಿಚ್ಚುವ ಸದ್ದು ಕೇಳಿಸಿತು.